ಇನ್ನೊಂದು ಸಿಮ್ಮು

ರೂಟರ್ ಕೆಟ್ಟರೆ ಅದನ್ನು ಸರಿಮಾಡಲು ಆ ರೂಟರನ್ನೇ ದಾಟಿ ಒಳಗೆ ಹೋಗಬೇಕು. ನಮ್ಮ ಕಸುಬಿನ ಮೊದಲ ತಮಾಷೆ ಇದು. ಬೆಂಗಳೂರಿನಲ್ಲಿ ಕೂತು ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ನನ್ನಂಥವಳಿಗೆ ಎಲ್ಲ ನೆಟ್ಟಗಿರುವಾಗ ದೂರ ಅನ್ನುವುದೇ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕೇಬಲ್ ಕಿತ್ತಿತೋ, ಯಾರೋ ಒಂದು ಸಾಲು ಕಮಾಂಡ್ ತಪ್ಪಾಗಿ ಹೊಡೆದರೋ, ಅಷ್ಟುಹೊತ್ತೂ ಪಕ್ಕದ ಕಿಟಕಿಯಂತಿದ್ದ ಕೊಪ್ಪ ಒಂದೇ ಏಟಿಗೆ ರಾತ್ರಿ ಬಸ್ಸಿನ ದೂರಕ್ಕೆ ಹೋಗಿಬಿಡುತ್ತದೆ.

ಸಿಮ್ ಹಾಕಿದ ಪೆಟ್ಟಿಗೆಗಳು ಬರುವ ಮುಂಚೆ ನಮಗಿದ್ದ ಬದಲಿ ದಾರಿಯೆಂದರೆ ಆಯಾ ಕಚೇರಿಯ ಅಟೆಂಡರ್. ಫೋನ್ ಕಿವಿಗೊತ್ತಿಕೊಂಡು, ಫೈಲುಗಳ ಹಿಂದಿದ್ದ ರ‍್ಯಾಕಿನ ಮುಂದೆ ನಿಂತು ಆತ ಕಂಡದ್ದು ಕಂಡಂತೆ ವರದಿ ಕೊಡುತ್ತಿದ್ದರು.

"ಮೇಡಂ, ಮೇಲಿನ ಡಬ್ಬಿದು ಹಸಿರು ದೀಪ ಹೋಗಿದೆ. ಹಳದಿದು ಮಿಣಕ್ ಮಿಣಕ್ ಅಂತಿದೆ."

"ಯಾವ ಡಬ್ಬಿ? ಕಪ್ಪಿದ್ದೋ, ಬೂದಿ ಬಣ್ಣದ್ದೋ?"

"ಧೂಳು ಕೂತು ಎರಡೂ ಒಂದೇ ಥರ ಆಗಿವೆ. ತಡೀರಿ, ಒರೆಸ್ತೀನಿ."

"ಅಯ್ಯೋ, ಒರೆಸ್ಬೇಡಿ! ವೈರ್ ಅಲ್ಲಾಡುತ್ತೆ!"

ಕೊನೆಗೆ ಅವರದು ಒಂದೇ ಸಲಹೆ: "ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?" ನಾನು ಬೇಡವೆನ್ನುತ್ತಾ ಅರ್ಧ ಗಂಟೆ ಪ್ರಶ್ನೆ ಕೇಳಿ, ಆಮೇಲೆ ಅದನ್ನೇ ಮಾಡಿಸುತ್ತಿದ್ದೆ. ಬಹಳ ಸಲ ಸರಿಹೋಗುತ್ತಿತ್ತು ಕೂಡ. ಆದರೆ ಸಂಜೆ ಬೀಗ ಬಿದ್ದ ಮೇಲೆ ಈ ದಾರಿಯೂ ಬಂದ್. ಕೀಲಿ ಮ್ಯಾನೇಜರ್ ಮನೆಯಲ್ಲಿ, ಮ್ಯಾನೇಜರ್ ಯಾರದೋ ಮದುವೆಯಲ್ಲಿ.

ನನಗಿಂತ ಹಿರಿಯರಿಗೆ ಇದಕ್ಕೆ ಬೇರೆ ಉಪಾಯವಿತ್ತು: ರ‍್ಯಾಕಿಗೆಂದೇ ಒಂದು ಲ್ಯಾಂಡ್‌ಲೈನ್, ಅದರ ತುದಿಗೊಂದು ಮೋಡೆಮ್. ಇಂಟರ್ನೆಟ್ ಸತ್ತರೂ ಟೆಲಿಫೋನ್ ಬದುಕಿರುತ್ತದೆ. ಆ ನಂಬರಿಗೆ ಡಯಲ್ ಮಾಡಿದರೆ ಮೋಡೆಮ್ ಎತ್ತಿಕೊಂಡು, ಕಿರುಗುಟ್ಟಿ, ರೂಟರಿನ ಕನ್ಸೋಲ್ ಪೋರ್ಟಿಗೆ ಮುಟ್ಟಿಸುತ್ತಿತ್ತು. ಈ ಪೋರ್ಟಿನ ಗುಣವೇ ಬೇರೆ. ರೂಟರಿಗೆ ಐಪಿ ವಿಳಾಸವೇ ಇಲ್ಲದಿದ್ದರೂ, ಅದು ಇನ್ನೂ ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದರೂ, ಇಲ್ಲಿ ಮಾತಾಡುತ್ತದೆ.

ಮೋಡೆಮ್ಮಿಗೆ ಭಾಷೆ ಕಲಿಸಿದ್ದು ಅಮೆರಿಕದ ಹೇಯ್ಸ್ ಕಂಪನಿ. 1981ರಲ್ಲಿ ಅದು ತಂದ ಸ್ಮಾರ್ಟ್‌ಮೋಡೆಮ್ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿತ್ತು. ಆ ವೇಗದಲ್ಲಿ ಅಕ್ಷರಗಳು ಒಂದೊಂದಾಗಿ ಪರದೆಗೆ ಬರುವುದನ್ನು ಎಣಿಸಬಹುದಿತ್ತಂತೆ. ಹೆಚ್ಚುಗಾರಿಕೆ ವೇಗದ್ದಲ್ಲ, ಆಜ್ಞೆಗಳದ್ದು. 'ಎಟಿ' ಎಂದು ಹೊಡೆದರೆ ಮೋಡೆಮ್ 'ಓಕೆ' ಎನ್ನುತ್ತಿತ್ತು; 'ಎಟಿಡಿಟಿ' ಎಂದು ಬರೆದು ಮುಂದೆ ನಂಬರು ಕೊಟ್ಟರೆ ಡಯಲ್ ಮಾಡುತ್ತಿತ್ತು; 'ಎಟಿಹೆಚ್' ಎಂದರೆ ಫೋನಿಡುತ್ತಿತ್ತು. ಉಳಿದ ಕಂಪನಿಗಳೂ ತೆಪ್ಪಗೆ ಅದನ್ನೇ ಕಲಿತವು.

ನಮ್ಮ ಹಳ್ಳಿಗಳ ಕಡೆ ಟೆಲಿಫೋನನ್ನು ನೆಚ್ಚಿಕೊಳ್ಳುವ ಕಾಲ ಬಂದದ್ದೂ ಆ ದಶಕದಲ್ಲೇ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದ ಕೋಣೆಯಲ್ಲಿ, ನಮ್ಮ ಸೆಕೆ, ನಮ್ಮ ಧೂಳು ತಡೆದುಕೊಂಡು ನಡೆಯಬೇಕೆಂದೇ ಅದನ್ನು ಮಾಡಿದ್ದರು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಲೈನಿಗೆ ಕರೆಂಟು ಬರುತ್ತಿದ್ದರಿಂದ ಊರೆಲ್ಲ ಕತ್ತಲಾದರೂ ಫೋನಿನಲ್ಲಿ ಡಯಲ್ ಟೋನ್ ಇರುತ್ತಿತ್ತು. ಇವತ್ತಿನ ಯಾವ ಫೈಬರ್ ಸಂಪರ್ಕವೂ ಈ ಒಂದು ವಿಷಯದಲ್ಲಿ ಅದರ ಸಮಕ್ಕೆ ಬರುವುದಿಲ್ಲ ಎಂದು ನಾನು ಹೇಳಿದರೆ ಸಹೋದ್ಯೋಗಿಗಳು ನನ್ನನ್ನು ಅಜ್ಜಿ ಅನ್ನುತ್ತಾರೆ.

ತಾಮ್ರದ ತಂತಿಗಳು ಒಂದೊಂದಾಗಿ ಕಂಬ ಬಿಟ್ಟಿಳಿದವು. ಮುಂದೇನು ಎಂದು ನಮ್ಮ ಕಚೇರಿಯಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆಯುವ ಹೊತ್ತಿಗೆ ತರೀಕೆರೆ ಕಡೆಯ ನನ್ನ ಸೋದರಮಾವ ಆ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿದ್ದರು. ಅವರ ಅಡಿಕೆ ತೋಟದ ಪಂಪ್‌ಸೆಟ್ ಮನೆಯಲ್ಲಿ ಸ್ಟಾರ್ಟರಿಗೆ ಅಂಟಿಕೊಂಡು ಒಂದು ಡಬ್ಬಿ, ಡಬ್ಬಿಯೊಳಗೊಂದು ಸಿಮ್ಮು. ತ್ರೀ ಫೇಸ್ ಕರೆಂಟು ಅಪರಾತ್ರಿ ಬಂದರೆ ಅದೇ ಫೋನ್ ಮಾಡಿ ತಿಳಿಸುತ್ತದೆ. ಮಾವ ಮಲಗಿದಲ್ಲೇ ಒಂದನ್ನೊತ್ತಿ ಮೋಟಾರ್ ಹಾಕಿ ಮಗ್ಗುಲಾಗುತ್ತಾರೆ. ಮೊದಲಾದರೆ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತಾ ತೋಟಕ್ಕೆ ಹೋಗಬೇಕಿತ್ತು. ಪ್ರತಿ ಕಚೇರಿಯ ರ‍್ಯಾಕಿನಲ್ಲೂ ಸಿಮ್ ಹಾಕಿದ ಪೆಟ್ಟಿಗೆ ಇಡುವ ನಮ್ಮ ಯೋಜನೆಯನ್ನು ವಿವರಿಸಿದಾಗ ಅವರು, "ಇದಕ್ಕೆ ಇಷ್ಟೊಂದು ಜನ ಇಂಜಿನಿಯರ್ ಬೇಕೇನೇ?" ಎಂದರು. ಆಮೇಲೆ, "ನಿಂಗೆ ಇಷ್ಟ ಇರೋ ಸಿಮ್ ಹಾಕ್ಬೇಡ, ಬೋರ್‌ವೆಲ್ ಹತ್ರ ಟವರ್ ಯಾವ್ದು ಸಿಗುತ್ತೋ ಅದನ್ನ ಹಾಕು" ಎಂದೂ ಸೇರಿಸಿದರು. ಮೀಟಿಂಗಿನಲ್ಲಿ ಆವರೆಗೆ ಈ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಪೆಟ್ಟಿಗೆ ಕೂರಿಸುವುದು ದೊಡ್ಡ ಕೆಲಸವಲ್ಲ. ಅಂಗೈಯಗಲದ 4ಜಿ ಗೇಟ್‌ವೇ, ಅದರಿಂದ ರೂಟರಿನ ಕನ್ಸೋಲಿಗೆ ತಿಳಿನೀಲಿ ಚಪ್ಪಟೆ ಕೇಬಲ್, ವೇಗ 9600. ಕಬ್ಬಿಣದ ರ‍್ಯಾಕಿನೊಳಗೆ ಸಿಗ್ನಲ್ ಉಸಿರುಕಟ್ಟುವುದರಿಂದ ಆಂಟೆನಾಗೆ ಮಾತ್ರ ಕಿಟಕಿಯವರೆಗೆ ತಂತಿ ಎಳೆಯಬೇಕು. ಮೊದಲ ಪೆಟ್ಟಿಗೆಯ ಸಿಗ್ನಲ್ ನೋಡಲು ನೇರ ಅದರ ಮೋಡೆಮ್ಮಿಗೇ ಇಳಿದೆ. 'ಎಟಿ' ಎಂದು ಹೊಡೆದೆ. 'ಓಕೆ' ಎಂದಿತು! 'ಎಟಿ+ಸಿಎಸ್‌ಕ್ಯೂ' ಎಂದೆ, 18 ಎಂಬ ಉತ್ತರ ಬಂತು. 31ಕ್ಕೆ 18 ಅಂದರೆ ಮಲೆನಾಡಿನಲ್ಲಿ ಫಸ್ಟ್ ಕ್ಲಾಸ್ ಎಂದೇ ಲೆಕ್ಕ. 300 ಬಿಟ್‌ನ ಕಾಲದ ಮಾತನ್ನು 4ಜಿ ಚಿಪ್ಪೂ ಬಿಟ್ಟಿಲ್ಲ.

ತೊಡಕು ಬರುವುದು ಆಮೇಲೆ. ಮಾವನ ಡಬ್ಬಿಗೆ ಯಾರು ಬೇಕಾದರೂ ನೇರ ಫೋನ್ ಮಾಡಬಹುದು. ನಮ್ಮದಕ್ಕೆ ಹೊರಗಿನಿಂದ ಕರೆ ಹೋಗುವುದೇ ಇಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂಡಿಹಾಕಿರುತ್ತವೆ; ಹೊರಗಿನಿಂದ ಬಂದವನಿಗೆ ಯಾರ ಮನೆ ಯಾವುದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಪೆಟ್ಟಿಗೆ ತಾನೇ ಒಳಗಿನಿಂದ ನಮ್ಮ ಸರ್ವರಿಗೆ ಗುಪ್ತ ಸುರಂಗ ತೋಡಿ, 25 ಸೆಕೆಂಡಿಗೊಮ್ಮೆ 'ಇದ್ದೇನೆ' ಎನ್ನುತ್ತಾ ಅದನ್ನು ತೆರೆದಿಟ್ಟುಕೊಂಡಿರುತ್ತದೆ. ಇದು ಒಳ್ಳೆಯದೇ ಆಯಿತು. ಹಳೇ ಮೋಡೆಮ್ಮಿನ ಬಾಗಿಲು ನಂಬರು ಗೊತ್ತಿದ್ದ ಎಲ್ಲರಿಗೂ ತೆರೆಯುತ್ತಿತ್ತು. 1983ರ 'ವಾರ್‌ಗೇಮ್ಸ್' ಸಿನಿಮಾದ ಹುಡುಗ ಸಾಲಾಗಿ ನಂಬರುಗಳಿಗೆ ಡಯಲ್ ಮಾಡುತ್ತಾ ಸೈನ್ಯದ ಕಂಪ್ಯೂಟರಿನೊಳಗೇ ನುಗ್ಗಿದ್ದು ಹೀಗೆ.

ಬದಲಿ ದಾರಿ ಇದ್ದರೆ ಸಾಲದು, ಮೊದಲ ದಾರಿಯ ನಂಟು ಅದಕ್ಕಿರಬಾರದು. ಇದನ್ನು ಮರೆಯುವುದು ನಮ್ಮಂಥ ಸಣ್ಣವರಷ್ಟೇ ಅಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮೆಲ್ಲರ ವಾಟ್ಸಾಪ್ ನಿಂತಿತಲ್ಲ, ಆಗ ಫೇಸ್‌ಬುಕ್ಕಿನ ಬೆನ್ನೆಲುಬು ಜಾಲದ ಜೊತೆಗೆ ಇಂಥ ಸಂದರ್ಭಕ್ಕೆಂದೇ ಇಟ್ಟಿದ್ದ ಪ್ರತ್ಯೇಕ ಜಾಲವೂ ಕೈಕೊಟ್ಟಿತ್ತು. ಕೊನೆಗೆ ಇಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಅಲ್ಲಿ ಒಳಗೆ ಬಿಡುವ ಭದ್ರತೆಯೂ ಅಷ್ಟೇ ಬಿಗಿ. ಎಲ್ಲ ಮುಗಿಯಲು ಸುಮಾರು ಆರು ಗಂಟೆ ಹಿಡಿಯಿತು. ಮರುವರ್ಷ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ಫೋನು, ಇಂಟರ್ನೆಟ್ ಎಲ್ಲ ಮಲಗಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೆಯಲಿಲ್ಲ, ಅನೇಕರಿಗೆ ತುರ್ತು ಕರೆಯ 911 ಕೂಡ ಸಿಗಲಿಲ್ಲ. ಜಾಲವನ್ನು ನಿರ್ವಹಿಸುವ ದಾರಿಯೂ ಅದೇ ಜಾಲದ ಮೇಲೆ ನಿಂತಿತ್ತು, ಸಿಬ್ಬಂದಿಯ ಕೈಯಲ್ಲಿದ್ದ ಸಿಮ್ಮೂ ಸ್ವಂತ ಕಂಪನಿಯದೇ! ಕಾರಣ ಪತ್ತೆ ಮಾಡಲಿಕ್ಕೇ ಸುಮಾರು 14 ಗಂಟೆ ಬೇಕಾಯಿತು. ಅಷ್ಟರಲ್ಲಿ ಪ್ರತಿಸ್ಪರ್ಧಿ ಕಂಪನಿಗಳ ಸಿಮ್ಮುಗಳನ್ನು ತರಿಸಿ ಸಿಬ್ಬಂದಿಗೆ ಹಂಚಿದರು.

ಹಾಗೆಂದು ಬೇರೆ ಕಂಪನಿಯ ಸಿಮ್ ಹಾಕಿ ನಿಶ್ಚಿಂತೆಯಾಗಿರುವಂತೆಯೂ ಇಲ್ಲ. ನಮ್ಮ ಒಂದು ಕಚೇರಿಯಲ್ಲಿ ಫೈಬರ್ ಒಂದು ಕಂಪನಿಯದು, ಸಿಮ್ ಇನ್ನೊಂದರದು. ಮಳೆಗಾಲದಲ್ಲಿ ಧರೆ ಕುಸಿದಾಗ ಎರಡೂ ಒಟ್ಟಿಗೇ ಹೋದವು. ಸಿಮ್ಮಿನ ಟವರಿಗೆ ಬರುವ ಫೈಬರೂ ಅದೇ ರಸ್ತೆ ಬದಿಯಲ್ಲಿ ಹಾದುಬಂದಿತ್ತು. ಬಿಲ್ಲಿನ ಮೇಲೆ ಎರಡು ಹೆಸರು, ನೆಲದಡಿ ಒಂದೇ ಗುಂಡಿ. ಟವರ್ ಉಳಿದರೂ ಕರೆಂಟು ದಿನಗಟ್ಟಲೆ ಹೋದರೆ ಅದರ ಬ್ಯಾಟರಿ, ಡೀಸೆಲ್ ಎಷ್ಟು ಹೊತ್ತು ಬಂದಾವು? ಯಾವುದೇ ಊರಿಗೆ ಸಿಮ್ ಆರಿಸುವಾಗ ಈಗ ನಾವು ಅಲ್ಲಿನ ಲೈನ್‌ಮನ್ ಹತ್ತಿರ ಟೀ ಕುಡಿಯುತ್ತಾ ಯಾವ ಟವರಿಗೆ ಕೇಬಲ್ ಯಾವ ಕಡೆಯಿಂದ ಬರುತ್ತದೆಂದು ವಿಚಾರಿಸುತ್ತೇವೆ. ಯಾವ ನಕ್ಷೆಯಲ್ಲೂ ಅಷ್ಟು ಸರಿಯಾದ ಮಾಹಿತಿ ನಾನು ಕಂಡಿಲ್ಲ.

ಇಷ್ಟೆಲ್ಲ ಆದ ಮೇಲೆ ಎದುರಾದ ಶತ್ರು ಮಳೆಯೂ ಅಲ್ಲ, ಜೆಸಿಬಿಯೂ ಅಲ್ಲ, ನಮ್ಮದೇ ಲೆಕ್ಕಪತ್ರ ವಿಭಾಗ. "ಮೇಡಂ, ಈ ಸಿಮ್ಮುಗಳಲ್ಲಿ ಡೇಟಾ ಬಳಕೆ ಸೊನ್ನೆ. ಸುಮ್ನೆ ರೀಚಾರ್ಜ್ ಮಾಡಿಸ್ತಿದ್ದೀರಿ. ನಿಲ್ಸಿಬಿಡ್ಲಾ?" ಎಂದು ಅಲ್ಲಿನವರು ಕೇಳಿದರು. ಸುರಂಗವನ್ನು ಜೀವಂತ ಇಡುವ ಆ ಚೂರುಪಾರು ಡೇಟಾ ಅವರ ಪಟ್ಟಿಯ ಜಿಬಿ ಲೆಕ್ಕದಲ್ಲಿ ಸೊನ್ನೆಯಾಗಿಯೇ ಕಾಣುತ್ತಿತ್ತು. ಬಳಸದೆ ಉಳಿದದ್ದೇ ಅದರ ಸಾರ್ಥಕ್ಯ ಎಂದು ವಿವರಿಸಲು ಹೋದೆ. ಅವರು ಇನ್ಶೂರೆನ್ಸ್ ಕಂತಿನ ವಿಷಯಕ್ಕೂ ಹೀಗೇ ಮುಖ ಗಂಟಿಕ್ಕುವವರು. ವಾದ ಬಿಟ್ಟು ಪುಟ್ಟದೊಂದು ಸ್ಕ್ರಿಪ್ಟ್ ಬರೆದೆ. ದಿನಾ ನಸುಕಿನಲ್ಲಿ ಅದು ಪ್ರತಿ ಪೆಟ್ಟಿಗೆಯ ಮೂಲಕ ಆಯಾ ಕನ್ಸೋಲಿಗೆ ಲಾಗಿನ್ ಆಗಿ, ಸಿಗ್ನಲ್ ಓದಿ, ಒಂದು ಫೈಲ್ ಇಳಿಸಿಕೊಂಡು, ಯಾವುದಾದರೂ ಉತ್ತರಿಸದಿದ್ದರೆ ನನಗೆ ಎಸ್ಸೆಮ್ಮೆಸ್ ಕಳಿಸುತ್ತದೆ. ಪೆಟ್ಟಿಗೆಗಳ ಪರೀಕ್ಷೆಯೂ ಆಯಿತು, ಪಟ್ಟಿಯಲ್ಲಿ ಬಳಕೆಯೂ ಕಾಣಿಸಿಕೊಂಡಿತು. ಮುಂದಿನ ತಿಂಗಳು ಅವರು ಮತ್ತೆ ಫೋನ್ ಮಾಡಿ, ಎಲ್ಲ ಊರಿನವರೂ ದಿನಾ ಸರಿಯಾಗಿ ಒಂದೇ ಅಳತೆಯ ಡೇಟಾ ಹೇಗೆ ಬಳಸುತ್ತಾರೆ ಎಂದು ಕೇಳಿದರು.