ಪದವಿನ ಮನೆಗೆ ಕಡಲ ಮೀನು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳು ಒಂದಕ್ಕೊಂದು ಹತ್ತಿರವಾಗುವ ಕಡೆ ವಾಮದಪದವು ಇದೆ. ತುಳುವಿನಲ್ಲಿ ಪದವು ಎಂದರೆ ಗುಡ್ಡದ ಮೇಲಿನ ಬಯಲು. ಊರು ಹೆಸರಿಗೆ ತಕ್ಕಂತೆಯೇ ಇದೆ. ಕಾಲಡಿಯಲ್ಲಿ ಮುರಕಲ್ಲು, ಇಳಿಜಾರಿನಲ್ಲಿ ಗೇರುಮರ, ಇನ್ನೂ ಕೆಳಗಿಳಿದರೆ ಅಡಿಕೆ-ತೆಂಗಿನ ತೋಟಗಳು. ಸಮುದಾಯ ಆರೋಗ್ಯ ಕೇಂದ್ರ, ಸರಕಾರಿ ಪ್ರಥಮ ದರ್ಜೆ ಕಾಲೇಜು ಎಲ್ಲ ಇಲ್ಲೇ ಇವೆ. ಕಾರಿಂಜದ ಬೆಟ್ಟವೂ ದೂರವಿಲ್ಲ. ಕಡಲು ಮಾತ್ರ ಇಲ್ಲಿಲ್ಲ. ಬೂತಾಯಿ, ಬಂಗುಡೆಗಳು ಮಂಜುಗಡ್ಡೆಯ ಜತೆ ಗಾಡಿಯೇರಿ ಬಂದಾಗಲೇ ಊರಿಗೆ ಕಡಲಿನ ನೆನಪು.

ಆದರೂ ಜೀವಂತ ಕಡಲ ಮೀನನ್ನು ಮನೆಯಲ್ಲಿ ಸಾಕುವ ಆಸೆ ಇಂಥ ಊರಿನ ಮಕ್ಕಳಿಗೂ ಹುಟ್ಟುವುದುಂಟು. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಲನಚಿತ್ರ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಜಗತ್ತಿನ ಮಕ್ಕಳಿಗೆಲ್ಲ ಪರಿಚಯಿಸಿತು. ನಗರದ ಅಕ್ವೇರಿಯಂ ಅಂಗಡಿಯಲ್ಲಿ ಅದನ್ನು ಕಂಡ ಮಗು ‘ಅಪ್ಪಾ, ನೀಮೋ!’ ಎಂದು ನಿಂತುಬಿಟ್ಟರೆ ಅಪ್ಪ ಏನು ಮಾಡಬೇಕು? ಕೊಳ್ಳಬೇಕೆ, ಬೇಡವೆ ಎಂಬುದು ಮೊದಲ ಪ್ರಶ್ನೆ. ಕೊಳ್ಳುವುದಾದರೆ ಯಾವುದನ್ನು ಎಂಬುದು ಎರಡನೆಯದು. ಏಕೆಂದರೆ ‘ನೀಮೋ’ ಎಂಬ ಒಂದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಜಾತಿಯ ಮೀನುಗಳು ಮಾರಾಟವಾಗುತ್ತವೆ.

ಅವುಗಳಲ್ಲಿ ಅವಳಿಗಳಂತೆ ಕಾಣುವವು ಎರಡು: ಓಸೆಲ್ಲಾರಿಸ್ ಮತ್ತು ಪರ್ಕುಲಾ. ಎರಡಕ್ಕೂ ಕಿತ್ತಳೆ ಬಣ್ಣ, ಮೂರು ಬಿಳಿ ಪಟ್ಟೆ, ಗರಿಷ್ಠ ಉದ್ದ ಸುಮಾರು 11 ಸೆಂ.ಮೀ. ಯಕ್ಷಗಾನದಲ್ಲಿ ಎರಡು ಕಿರೀಟ ವೇಷಗಳು ಒಟ್ಟಿಗೆ ರಂಗಕ್ಕೆ ಬಂದರೆ ಹೊಸ ಪ್ರೇಕ್ಷಕನಿಗೆ ಯಾರು ಯಾರೆಂದು ತಿಳಿಯದು. ಆಟ ನೋಡಿ ಪಳಗಿದ ಅಜ್ಜ ಮುಖದ ಬಣ್ಣಗಾರಿಕೆ ನೋಡಿ ಹೇಳಿಬಿಡುತ್ತಾರೆ. ಇಲ್ಲಿಯೂ ಅಷ್ಟೆ. ಪರ್ಕುಲಾದ ಬಿಳಿ ಪಟ್ಟೆಗಳ ಅಂಚಿನಲ್ಲಿ ಸಾಮಾನ್ಯವಾಗಿ ದಪ್ಪ ಕಪ್ಪು ಗೆರೆ ಇರುತ್ತದೆ, ಓಸೆಲ್ಲಾರಿಸ್‌ನಲ್ಲಿ ಅದು ತೆಳು. ಪರ್ಕುಲಾದ ಕಣ್ಣಿನ ಸುತ್ತ ಹೊಳೆಯುವ ಕಿತ್ತಳೆ ಬಳೆ, ಓಸೆಲ್ಲಾರಿಸ್‌ನದು ಬೂದು ಬೆರೆತ ಬಣ್ಣ. ಇವೆರಡಕ್ಕಿಂತ ಹೆಚ್ಚು ನಂಬಬಹುದಾದ ಗುರುತು ಬೆನ್ನಿನ ಈಜುರೆಕ್ಕೆಯ ಮುಳ್ಳುಗಳು. ಓಸೆಲ್ಲಾರಿಸ್‌ಗೆ ಸಾಮಾನ್ಯವಾಗಿ 11, ಪರ್ಕುಲಾಗೆ 10. ಆದರೆ ಒಮ್ಮೊಮ್ಮೆ ಅಲ್ಲಿ 10, ಇಲ್ಲಿ 9 ಇರುವುದೂ ಉಂಟು. ಓಡಾಡುವ ಮೀನಿನ ಮುಳ್ಳು ಎಣಿಸುವುದು ಸುಲಭವೂ ಅಲ್ಲ. ಮರಿಕೇಂದ್ರಗಳಲ್ಲಿ ಎರಡೂ ಜಾತಿಗಳನ್ನು ಬೆರೆಸಿ ತೆಗೆದ ಮಿಶ್ರ ಮರಿಗಳೂ ಇರುವುದರಿಂದ ಮೈಬಣ್ಣವನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಹುಟ್ಟೂರು ಕೇಳಿದರೆ ಇವೆರಡರ ದಾರಿ ಬೇರೆಯಾಗುತ್ತದೆ. ಓಸೆಲ್ಲಾರಿಸ್ ನಮ್ಮ ಅಂಡಮಾನ್-ನಿಕೋಬಾರ್‌ನಿಂದ ತೊಡಗಿ ಆಗ್ನೇಯ ಏಷ್ಯಾದ ಕಡಲುಗಳಲ್ಲಿ, ಆಸ್ಟ್ರೇಲಿಯಾದ ವಾಯವ್ಯ ತೀರದವರೆಗೆ ಇದೆ. ಪರ್ಕುಲಾದ ಮನೆ ಇನ್ನೂ ಪೂರ್ವಕ್ಕೆ: ನ್ಯೂಗಿನಿ, ಸೊಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್. ಆದುದರಿಂದ ಅಂಗಡಿಯವರನ್ನು ‘ಇದು ಯಾವ ಜಾತಿ?’ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ‘ಇದು ಕಡಲಿನಲ್ಲಿ ಹಿಡಿದದ್ದೋ, ತೊಟ್ಟಿಯಲ್ಲಿ ಹುಟ್ಟಿದ್ದೋ?’

ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಕ್ಲೌನ್ ಮೀನು ತೊಟ್ಟಿಯಲ್ಲಿ ಮೊಟ್ಟೆಯಿಡುವ ಕಡಲ ಮೀನುಗಳಲ್ಲಿ ಒಂದು. ಗಂಡು ಮೀನು ಮೊಟ್ಟೆಗಳಿಗೆ ನೀರು ಬೀಸುತ್ತ ಕಾವಲಿರುತ್ತದೆ. ಸುಮಾರು ಒಂದು ವಾರದಲ್ಲಿ ಮರಿಗಳು ಹೊರಬರುತ್ತವೆ. ಕೊಚ್ಚಿಯಲ್ಲಿ ಪ್ರಧಾನ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳ ಮರಿ ಬೆಳೆಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತದೆ, ದೂರದ ಪ್ರಯಾಣದ ಆಯಾಸ ಕಡಿಮೆ. ಅದನ್ನು ಕೊಂಡರೆ ಹವಳದ ದಿಬ್ಬದಿಂದ ಒಂದು ಮೀನು ಕಡಿಮೆಯಾಗುವುದಿಲ್ಲ.

ಮನ್ನಾರ್ ಕೊಲ್ಲಿಯ ಕಡೆ ಸಿಗುವ ಸೇಬೆ ಮತ್ತು ಕ್ಲಾರ್ಕಿ ಎಂಬ ಇನ್ನೆರಡು ಜಾತಿಗಳೂ ನೋಡಲು ಹತ್ತಿರ ಹತ್ತಿರ. ಎರಡಕ್ಕೂ ಕಪ್ಪು ಬೆರೆತ ಮೈ. ಸೇಬೆಗೆ ಎರಡು ಬಿಳಿ ಪಟ್ಟೆ; ನಡುವಿನದು ಹಿಂದಕ್ಕೆ ವಾಲಿ ಬೆನ್ನಿನ ರೆಕ್ಕೆಯವರೆಗೆ ಏರುತ್ತದೆ. ಕ್ಲಾರ್ಕಿಗೆ ಬಾಲದ ಬುಡದಲ್ಲಿ ಮೂರನೆಯದೂ ಇರುತ್ತದೆ. ಇವು 15 ಸೆಂ.ಮೀ.ನಷ್ಟು ಬೆಳೆಯುತ್ತವೆ, ಬೆಳೆದ ಮೇಲೆ ಜಗಳಗಂಟಿತನವೂ ಹೆಚ್ಚು. ಚಿಕ್ಕ ತೊಟ್ಟಿಗೆ ಇವು ಹೇಳಿಸಿದವಲ್ಲ.

ಇನ್ನು ನೀರು. ಮುರಕಲ್ಲಿನ ಬಾವಿಯ ನೀರು ಕುಡಿಯಲು ಸಿಹಿ. ಅದರಲ್ಲಿ ಸುಣ್ಣದ ಅಂಶ ಕಡಿಮೆ, ಸ್ವಲ್ಪ ಆಮ್ಲೀಯ ಗುಣವೂ ಇರುತ್ತದೆ. ಕಡಲ ನೀರಾದರೋ ಪ್ರತ್ಯಾಮ್ಲೀಯ. ಅದರ ಪಿಎಚ್ ಸುಮಾರು 8.1ರಿಂದ 8.3. ಅಡುಗೆ ಉಪ್ಪು ಕಲಸಿದರೆ ಕಡಲ ನೀರಾಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳೂ ಬೇಕು. ಅಕ್ವೇರಿಯಂಗೆಂದೇ ಮಾಡಿದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕಲಸಬೇಕು. 100 ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ಬೇಸಗೆಯಲ್ಲಿ 10 ಲೀಟರ್ ನೀರು ಆವಿಯಾಯಿತೆನ್ನಿ. ಉಪ್ಪು ಆವಿಯಾಗುವುದಿಲ್ಲವಷ್ಟೆ? ಉಳಿದ 90 ಲೀಟರಿನಲ್ಲಿ ಅದೇ ಮೂರೂವರೆ ಕಿಲೋ ಉಪ್ಪಿದ್ದರೆ ಲೀಟರಿಗೆ ಸುಮಾರು 39 ಗ್ರಾಂ ಆಯಿತು. ಆದುದರಿಂದ ಆವಿಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ.

ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ. ಮಾತ್ರ, ಕಡಲಿನಿಂದಲೇ ಕ್ಯಾನಿನಲ್ಲಿ ನೀರು ತರಬಾರದೆ ಎಂದು ಕೇಳುವವರಿದ್ದಾರೆ. ಉತ್ತರ ವಾಮದಪದವಿನ ಮಳೆಯಲ್ಲೇ ಇದೆ. ಈ ಸೀಮೆಯ ಮಳೆನೀರಿನ ಒಂದು ಪಾಲು ಉತ್ತರಕ್ಕೆ ಹರಿದು ಫಲ್ಗುಣಿಗೆ, ಇನ್ನೊಂದು ಪಾಲು ದಕ್ಷಿಣದ ನೇತ್ರಾವತಿಗೆ ಸೇರುತ್ತದೆ. ಫಲ್ಗುಣಿ ಗುರುಪುರ ಹೊಳೆಯೆನಿಸಿ ಸಾಗಿ, ಕೊನೆಗೆ ಎರಡು ಹೊಳೆಗಳೂ ಮಂಗಳೂರಿನ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಆ ದಡದ ನೀರು ಸಪ್ಪೆಯಾಗಿ, ಕೆಸರಾಗಿರುತ್ತದೆ. ಹೊಳೆ ತಂದ ಕಶ್ಮಲವೂ ಅದರಲ್ಲಿದೆ. ಮೀನಿಗೆ ಆ ನೀರು ಬೇಡ.

ನೀರು ತುಂಬಿದ ದಿನವೇ ಮೀನು ಬಿಡಲೂ ಬಾರದು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಜೂನ್-ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಿರುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪು ಇರಲೇಬೇಕು. ತೊಟ್ಟಿಯ ಅಂದಕ್ಕೆಂದು ಜೀವಂತ ಹವಳ ತರುವ ಯೋಚನೆ ಬೇಡ. ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಸೀ ಅನಿಮೋನ್ ಎಂಬ ಕಡಲ ಹೂವಿನಂಥ ಪ್ರಾಣಿಯೂ ಅಗತ್ಯವಿಲ್ಲ. ಕಡಲಿನಲ್ಲಿ ಕ್ಲೌನ್ ಮೀನು ಶತ್ರುಗಳಿಂದ ತಪ್ಪಿಸಿಕೊಳ್ಳಲು ಅದರ ಕುಟುಕುವ ಎಳೆಗಳ ನಡುವೆ ಬಾಳುತ್ತದೆ. ಶತ್ರುವಿಲ್ಲದ ತೊಟ್ಟಿಯಲ್ಲಿ ಅದಿಲ್ಲದೆಯೂ ಬದುಕುತ್ತದೆ.

ಜೋಡಿಯಾಗಿ ಸಾಕುವವರು ಒಂದೇ ಜಾತಿಯ ಎರಡು ಮರಿಗಳನ್ನು, ಒಂದು ತುಸು ದೊಡ್ಡದು, ಒಂದು ಚಿಕ್ಕದು ಎಂಬಂತೆ ಆರಿಸಬೇಕು. ಹೆಣ್ಣೋ ಗಂಡೋ ಎಂದು ಕೇಳಬೇಕಾಗಿಲ್ಲ. ಕ್ಲೌನ್ ಮೀನುಗಳು ಬೆಳೆದಾಗ ಮೊದಲು ಗಂಡಾಗಿ, ಗುಂಪಿನಲ್ಲಿ ದೊಡ್ಡದಾದದ್ದು ಬಳಿಕ ಹೆಣ್ಣಾಗುತ್ತದೆ. ಜೀವಶಾಸ್ತ್ರದ ಪಾಠವೊಂದು ಮನೆಯಲ್ಲೇ ನಡೆದಂತಾಯಿತು.

ಹೆತ್ತವರು ಯೋಚಿಸಬೇಕಾದ ಇನ್ನೊಂದು ಲೆಕ್ಕವಿದೆ. ಚೆನ್ನಾಗಿ ಸಾಕಿದ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಎಂಟನೇ ತರಗತಿಯ ಹುಡುಗಿ ತಂದ ಮೀನು ಅವಳು ಪದವಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದಾಗಲೂ ಚಾವಡಿಯ ತೊಟ್ಟಿಯಲ್ಲೇ ಇದ್ದೀತು. ಆಗ ನೀರು ಬದಲಿಸುವವರು ಯಾರು? ಈ ಪ್ರಶ್ನೆಗೆ ಮನೆಯವರೆಲ್ಲ ಕೂತು ಉತ್ತರ ಕಂಡುಕೊಂಡ ಮೇಲೆಯೇ ಅಂಗಡಿಗೆ ಹೋಗುವುದು ಒಳ್ಳೆಯದು. ಉತ್ತರ ಸಿಕ್ಕಿದರೆ, ಮೊದಲ ಸಲ ಸಾಕುವವರಿಗೆ ತೊಟ್ಟಿಯಲ್ಲಿ ಹುಟ್ಟಿದ ಓಸೆಲ್ಲಾರಿಸ್ ಜೋಡಿಯೇ ಸರಿಯಾದ ಆಯ್ಕೆ. ಸಿಗದಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. 1969ರಲ್ಲಿ ಆರಂಭವಾದ ಆ ಕಾಲೇಜು ಎಕ್ಕೂರಿನಲ್ಲಿದೆ. ಮೀನಿನ ಬಗ್ಗೆ ಕುತೂಹಲವುಳ್ಳ ಮಕ್ಕಳಿಗೆ ಅಲ್ಲಿ ಮುಂದೆ ಕಲಿಯಲು ಬೇಕಾದಷ್ಟಿದೆ.