ಗೋಲು ಹೊಡೆಯುವವರನ್ನು ಎಲ್ಲಿಂದ ತರೋಣ?

ಫುಟ್‌ಬಾಲಿನಲ್ಲಿ ಭಾರತ ಸೋತಾಗಲೆಲ್ಲ ಎರಡು ಸಲಹೆಗಳು ತಪ್ಪದೆ ಬರುತ್ತವೆ. ತರಬೇತುದಾರನನ್ನು ಬದಲಿಸಿ ಎಂಬುದು ಒಂದು. ಪರದೇಶದಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ಆಟಗಾರರನ್ನು ಕರೆತನ್ನಿ ಎಂಬುದು ಇನ್ನೊಂದು. 2025ನೇ ಇಸವಿಯುದ್ದಕ್ಕೂ ಈ ಎರಡನೆಯ ಸಲಹೆ ಜೋರಾಗಿಯೇ ಕೇಳಿಬಂತು. ಅದಕ್ಕೆ ಕಾರಣವೂ ಇತ್ತೆನ್ನಿ. ಆ ವರ್ಷ ಜೂನ್‌ನಲ್ಲಿ ಹಾಂಗ್‌ಕಾಂಗ್, ಅಕ್ಟೋಬರ್‌ನಲ್ಲಿ ನಮ್ಮದೇ ಮಡಗಾಂವದ ಅಂಗಳದಲ್ಲಿ ಸಿಂಗಪುರ, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ, ಹೀಗೆ ಮೂವರ ಎದುರೂ ಸೋತೆವು. 2027ರ ಏಷ್ಯಾ ಕಪ್ಪಿನ ಬಾಗಿಲು ನಮಗೆ ಮುಚ್ಚಿತು. 2023ರ ಕೊನೆಗೆ ಫಿಫಾ ಪಟ್ಟಿಯಲ್ಲಿ 102ನೆಯವರಾಗಿದ್ದ ನಾವು 2025ರ ಕೊನೆಗೆ 142ಕ್ಕೆ ಇಳಿದಿದ್ದೆವು.

ಬಾಂಗ್ಲಾದೇಶದ ಸೋಲು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವರು ನಮ್ಮನ್ನು ಸೋಲಿಸಿ 22 ವರ್ಷಗಳಾಗಿದ್ದವು. ಅವರ ತಂಡದಲ್ಲಿ ಹಮ್ಜಾ ಚೌಧರಿ ಎಂಬ ಆಟಗಾರನಿದ್ದ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಆಟ ಕಲಿತದ್ದು ಲೆಸ್ಟರ್ ಸಿಟಿ ಕ್ಲಬ್ಬಿನಲ್ಲಿ, ತಾಯಿಯ ಕಡೆಯಿಂದ ಬಾಂಗ್ಲಾದೇಶದವನು. ಮರುದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿಯೇಬಿಟ್ಟ: “ಸರ್, ಅವರು ಹೊರಗಿಂದ ತಂದಾರಂತ. ನಾವ್ಯಾಕ ತರಬಾರ್ದ್ರಿ?”

ನಾನು ವಿಜ್ಞಾನ ಕಲಿಸುವವನು, ಆಟದ ಮಾಸ್ತರನಲ್ಲ. ಆದರೆ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದ ಶಾಲೆಗಳಲ್ಲಿ ಸೀಟಿ ಯಾರ ಕೊರಳಿಗಾದರೂ ಬೀಳಲೇಬೇಕಷ್ಟೆ. ಬಿ.ಎಸ್ಸಿ., ಬಿ.ಎಡ್. ಮಾಡಿದ ನನ್ನ ಕೊರಳಿಗೂ ಅದು ಹಲವು ವರ್ಷ ನೇತಾಡಿದೆ. ಹೀಗಾಗಿ ಹುಡುಗನ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಅಷ್ಟಿಷ್ಟು ನನಗೂ ಇದೆ ಎಂದುಕೊಂಡಿದ್ದೇನೆ.

ಮೊದಲು ಕಾನೂನಿನ ಮಾತು. ಫಿಫಾ ನಿಯಮದ ಪ್ರಕಾರ ಆಟಗಾರನಿಗೆ ಆ ದೇಶದ ಪೌರತ್ವ ಇರಬೇಕು; ಜೊತೆಗೆ ಅವನಾಗಲಿ, ತಂದೆತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅವನು ನಿಯಮ ಹೇಳುವಷ್ಟು ವರ್ಷ ಅಲ್ಲಿ ವಾಸವಾಗಿರಬೇಕು. ನಮ್ಮ ತೊಡಕು ಇರುವುದು ಪೌರತ್ವದಲ್ಲೇ. ಭಾರತದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡು ಇದ್ದರೆ ಇಲ್ಲಿ ಬಂದು ಇರಬಹುದು, ದುಡಿಯಬಹುದು. ಮತ ಹಾಕುವಂತಿಲ್ಲ, ದೇಶದ ಅಂಗಿ ತೊಡುವಂತಿಲ್ಲ. 2008ರಿಂದ ಕೇಂದ್ರ ಸರ್ಕಾರದ ನೀತಿಯೂ ಇದೇ. ಬಾಂಗ್ಲಾದೇಶದಲ್ಲಿ ಈ ಅಡ್ಡಿ ಇಲ್ಲ.

ಆದರೂ ಬಂದವರಿದ್ದಾರೆ. ಜಪಾನಿನಲ್ಲಿ ಹುಟ್ಟಿದ ಅರಾಟಾ ಇಜುಮಿ ಭಾರತದ ಪೌರತ್ವ ಪಡೆದು 2013ರಲ್ಲಿ ನಮ್ಮ ತಂಡಕ್ಕೆ ಆಡಿದರು. ಆಸ್ಟ್ರೇಲಿಯದ ಪರ್ತ್‌ನಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್ 2023ರಲ್ಲಿ ಬೆಂಗಳೂರು ಎಫ್‌ಸಿ ಸೇರಿದವರು. 2025ರಲ್ಲಿ ಹುಟ್ಟಿದ ದೇಶದ ಪೌರತ್ವ ಬಿಟ್ಟು ಭಾರತೀಯರಾದರು. ಅವರ ತಾಯಿಯ ಮನೆತನ ಮುಂಬಯಿಯದು. ಅಜ್ಜ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ತಂಡಕ್ಕೆ ಆಡಿದವರು. ಒಂದು ದೇಶದ ಪಾಸ್‌ಪೋರ್ಟು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದು ಸಣ್ಣ ಮಾತಲ್ಲ. ಅಂಥವರಿಗೆ “ನೀನು ಹೊರಗಿನವ” ಎನ್ನಲು ನನಗಂತೂ ನಾಲಗೆ ಏಳುವುದಿಲ್ಲ.

ಗಡಿಭಾಗದ ನಮಗೆ ಈ ಹೊರಗಿನವ ಎಂಬ ಮಾತೇ ಅಷ್ಟು ಸಲೀಸಲ್ಲ. ಕರೋಶಿಯ ಕಡೆಯ ಮನೆಗಳಲ್ಲಿ ಸೊಸೆ ಕಾಗಲದವಳಿರುತ್ತಾಳೆ, ಮಗಳನ್ನು ಇಚಲಕರಂಜಿಗೆ ಕೊಟ್ಟಿರುತ್ತಾರೆ. ನಿಪ್ಪಾಣಿಯ ಪೇಟೆಯಲ್ಲಿ ಒಂದೇ ವ್ಯವಹಾರ ಎರಡು ಭಾಷೆಯಲ್ಲಿ ನಡೆಯುತ್ತದೆ. ಹುಟ್ಟಿದ ಊರು ಯಾವುದೆಂದು ಕೇಳಿ ಮನುಷ್ಯನನ್ನು ಅಳೆಯಹೊರಟರೆ ನಮ್ಮಲ್ಲಿ ಅರ್ಧ ಊರನ್ನೇ ಹೊರಗೆ ನಿಲ್ಲಿಸಬೇಕಾದೀತು. ಆದ್ದರಿಂದ ಹೊರಗೆ ಹುಟ್ಟಿದವರು ಬರಲೇಬಾರದು ಎಂಬ ವಾದ ನನ್ನದಲ್ಲ. ಅವರು ಬಂದರೆ ಸಾಕು, ಎಲ್ಲ ಸರಿಯಾಗುತ್ತದೆ ಎನ್ನುವ ವಾದಕ್ಕೆ ಮಾತ್ರ ನನ್ನ ತಕರಾರು.

ಆ ವಾದದವರು ಕೊಡುವ ಉದಾಹರಣೆಗಳು ಬಲವಾಗಿಯೇ ಇವೆ. 2022ರ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ತಲುಪಿದ ಮೊರಾಕ್ಕೊ ತಂಡದ 26 ಮಂದಿಯಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಒಂದೂವರೆ ಲಕ್ಷ ಜನರಿರುವ ಕ್ಯುರಸಾವ್ ಎಂಬ ಪುಟ್ಟ ದ್ವೀಪ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅದರ ಆಟಗಾರರಲ್ಲಿ ಹೆಚ್ಚಿನವರು ಹುಟ್ಟಿದ್ದು ನೆದರ್ಲೆಂಡ್ಸಿನಲ್ಲಿ. ಆದರೆ ಇಲ್ಲಿ ನೋಡಬೇಕಾದ್ದೊಂದಿದೆ. ಆ ಹುಡುಗರು ಬೆಳೆದದ್ದು ಆ್ಯಮ್‌ಸ್ಟರ್‌ಡ್ಯಾಂ, ಪ್ಯಾರಿಸ್‌ಗಳಂಥ ಕಡೆ ಓಣಿಗೊಂದು ಮೈದಾನ, ಮೈದಾನಕ್ಕೊಬ್ಬ ತರಬೇತುದಾರ ಇರುವಲ್ಲಿ. ಅಲ್ಲಿಗೆ ಹೋದ ಮೊರಾಕ್ಕೊದ ಕೂಲಿಕಾರರ ಮಕ್ಕಳು ಬೀದಿಯಲ್ಲಿ ಫುಟ್‌ಬಾಲ್ ಆಡಿಯೇ ದೊಡ್ಡವರಾದರು. ಮೊರಾಕ್ಕೊ ತನ್ನ ನೆಲದಲ್ಲೂ ದೊಡ್ಡ ಅಕಾಡೆಮಿ ಕಟ್ಟಿದೆ. ಬರೀ ಎರವಲನ್ನು ನಂಬಿ ಕೂತಿಲ್ಲ.

ನಮ್ಮವರ ಸಂಗತಿ ಬೇರೆ. ಬ್ರಿಟನ್ನಿನಲ್ಲಿ ಭಾರತೀಯ ಮೂಲದವರು ಹತ್ತು ಲಕ್ಷಕ್ಕೂ ಮೇಲಿದ್ದಾರೆ. ಆದರೆ ಅಲ್ಲಿನ ವೃತ್ತಿಪರ ಫುಟ್‌ಬಾಲಿನಲ್ಲಿ ದಕ್ಷಿಣ ಏಷ್ಯಾ ಮೂಲದವರು ಬೆರಳೆಣಿಕೆಯಷ್ಟು ಎಂಬುದು ಅಲ್ಲಿಯವರೇ ಮರುಗುವ ವಿಷಯ. ಕಡಲಾಚೆ ಹೋದರೂ ನಮ್ಮ ತಂದೆತಾಯಿಗಳು ಮಗ ಡಾಕ್ಟರಾಗಲಿ, ಇಂಜಿನಿಯರಾಗಲಿ ಎಂದೇ ಹರಕೆ ಹೊರುತ್ತಾರೆ. ಚೆಂಡು ಬಿಟ್ಟು ಪುಸ್ತಕ ಹಿಡಿ ಎಂಬ ಮಾತು ಚಿಕ್ಕೋಡಿಯಲ್ಲೂ ಒಂದೇ, ಲಂಡನ್ನಿನಲ್ಲೂ ಒಂದೇ. ಅಂದಮೇಲೆ ಹೊರಗಿನ ಬಾವಿಯಲ್ಲಿ ನೀರು ತುಂಬಿ ತುಳುಕುತ್ತಿದೆ, ಹಗ್ಗ ಇಳಿಸಿದರೆ ಸಾಕು ಎಂದುಕೊಳ್ಳುವುದು ಭ್ರಮೆ. ಅವಸರ ಮಾಡಿದರೆ ಏನಾಗುತ್ತದೆ ಎಂಬುದನ್ನು ಮಲೇಷ್ಯಾ ತೋರಿಸಿತು. ಏಳು ಆಟಗಾರರ ಅಜ್ಜ ಅಜ್ಜಿಯರ ಜನ್ಮದಾಖಲೆಗಳು ನಕಲಿ ಎಂದು ಹೇಳಿ 2025ರ ಸೆಪ್ಟೆಂಬರಿನಲ್ಲಿ ಫಿಫಾ ಅವರ ಮೇಲೆ ನಿಷೇಧ ಹಾಕಿತು.

ವಿಜ್ಞಾನದ ಪಾಠದಲ್ಲಿ ವೇಗವರ್ಧಕ ಎಂಬುದೊಂದು ಬರುತ್ತದೆ. ಚಿಟಿಕೆ ಹಾಕಿದರೆ ಸಾಕು, ತಾಸುಗಟ್ಟಲೆ ನಡೆಯುವ ಕ್ರಿಯೆ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಪಾತ್ರೆಯಲ್ಲಿ ಮೂಲವಸ್ತುವೇ ಇಲ್ಲದಿದ್ದರೆ ಮಣಗಟ್ಟಲೆ ಸುರಿದರೂ ಏನೂ ಆಗದು. ಹೊರಗಿನಿಂದ ಬರುವ ಆಟಗಾರ ಅಂಥ ವೇಗವರ್ಧಕ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿ, 2025ರ ಮಾರ್ಚ್‌ನಲ್ಲಿ, ನಲವತ್ತು ದಾಟಿದ ಮೇಲೆ ಮತ್ತೆ ಬೂಟು ಕಟ್ಟಬೇಕಾಯಿತು. ನೂರನಲವತ್ತು ಕೋಟಿ ಜನರಲ್ಲಿ ಅವರ ಜಾಗಕ್ಕೆ ಒಬ್ಬ ಸಿಗಲಿಲ್ಲ ಎಂದರೆ ಪಾತ್ರೆಯಲ್ಲಿ ಎಷ್ಟಿದೆ ಎಂಬುದು ಅರ್ಥವಾಗುತ್ತದೆ.

ಹಿಂದೆ ಆ ಪಾತ್ರೆ ಬರಿದಾಗಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನ ಎದುರು 1-2ರಿಂದ ಸೋತರೂ ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅಂದು ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅದೇ ತಂಡದ ಅಹ್ಮದ್ ಖಾನ್ ಬೆಂಗಳೂರಿನವರು. 1956ರ ಒಲಿಂಪಿಕ್ಸಿನಲ್ಲಿ ಆಡಿದ ಕೆಂಪಯ್ಯನವರೂ ಬೆಂಗಳೂರಿನವರೇ. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ, 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದುಕೊಟ್ಟ ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ಮೂಲತಃ ಶಾಲಾ ಮಾಸ್ತರರು ಎಂಬುದು ನನ್ನಂಥವರಿಗೆ ಹೆಮ್ಮೆಯ ಸಂಗತಿ. ಅದೇ ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಮತ್ತೆ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದಿತು.

ದೂರ ಹೋಗುವುದೇ ಬೇಡ. ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ತಾಸೊಪ್ಪತ್ತಿನಲ್ಲಿ ಕೊಲ್ಹಾಪುರ. ಕುಸ್ತಿಗೆ ಹೆಸರಾದ ಆ ಊರಿನಲ್ಲಿ ಫುಟ್‌ಬಾಲಿನ ಹುಚ್ಚೂ ಅಷ್ಟೇ. ಪಾಟಾಕಡಿಲ್, ದಿಲ್‌ಬಹಾರ್, ಖಂಡೋಬಾ ಎಂದು ತಂಡಗಳ ಹೆಸರೇ ಪೇಟೆಯ ತಾಲೀಮುಗಳದ್ದು. ಶಾಹು ಮೈದಾನದಲ್ಲಿ ಈ ತಾಲೀಮುಗಳ ಪಂದ್ಯವೆಂದರೆ ಊರೇ ಎರಡು ಹೋಳು. ಹೊರಗಿನ ಆಟಗಾರರನ್ನು, ಆಫ್ರಿಕದವರನ್ನೂ, ಅವರು ಕರೆಸಿದ್ದುಂಟು. ಆದರೆ ಅದರ ಜೊತೆಗೇ ಪ್ರತಿ ಓಣಿಯಲ್ಲಿ ಹುಡುಗರು ಆಡುತ್ತಾರೆ. ಅನಿಕೇತ್ ಜಾಧವ್ ಎಂಬ ಕೊಲ್ಹಾಪುರದ ಹುಡುಗ 2017ರಲ್ಲಿ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ತಂಡದಲ್ಲಿದ್ದ. ಆ ಕೂಟದಲ್ಲಿ ಕೊಲಂಬಿಯಾ ಎದುರು ಭಾರತಕ್ಕೆ ಬಂದ ಏಕೈಕ ಗೋಲು ಮಣಿಪುರದ ಜೀಕ್ಸನ್ ಸಿಂಗ್ ತಲೆಯಿಂದ ಬಂತು. ಅದಕ್ಕೆ ಕಾರ್ನರ್ ಒದ್ದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್.

ಕೊಲ್ಹಾಪುರ ಇಷ್ಟು ಹತ್ತಿರವಿದ್ದೂ ನಮ್ಮ ಹುಡುಗರಿಗೆ ಯಾಕೆ ದಾರಿ ಸಿಗುವುದಿಲ್ಲ? ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಎಡಗಾಲಿನವ. ಅವನು ಒದ್ದ ಚೆಂಡು ಗಾಳಿಯಲ್ಲಿ ಬಾಳೆಕಾಯಿಯಂತೆ ಬಾಗಿ ಹೋಗುತ್ತಿತ್ತು. ತಿರುಗುವ ಚೆಂಡಿನ ಎರಡು ಬದಿಗೆ ಗಾಳಿಯ ಒತ್ತಡ ಬೇರೆಬೇರೆ ಇರುತ್ತದೆ ಎಂದು ಕಲಿಸಬೇಕಾದಾಗ ನಾನು ಹಲಗೆಯ ಮೇಲೆ ಚಿತ್ರ ಬರೆಯುತ್ತಿರಲಿಲ್ಲ, ತರಗತಿಯನ್ನೇ ಮೈದಾನಕ್ಕೆ ಕರೆದೊಯ್ದು ಅವನಿಂದ ಚೆಂಡು ಒದೆಸುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನನ್ನು ಒಂದು ಆಯ್ಕೆಗೆ ಕರೆದೊಯ್ದೆ. ಹುಡುಗ ಚೆನ್ನಾಗಿದ್ದಾನೆ, ಎತ್ತರ ಸಾಲದು ಎಂದು ಹಿಂದಕ್ಕೆ ಕಳಿಸಿದರು. ಮರುವರ್ಷ ಅವನೇ ಬರಲಿಲ್ಲ. “ಕಬ್ಬಿನ ಹಂಗಾಮ ಐತ್ರಿ ಸರ್, ಅಪ್ಪಗ ಒಬ್ಬಾಂವಗ ಆಗೂದಿಲ್ಲ” ಎಂದ. ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಕಾರ್ಖಾನೆಯ ದಾರಿಯಲ್ಲಿ ಕಂಡರೆ ಇಳಿದು ನಮಸ್ಕಾರ ಮಾಡುತ್ತಾನೆ. ಎತ್ತರ ಈಗ ಐದಡಿ ಹತ್ತಂಗುಲ.

ಅವನು ಹುಟ್ಟಿದ್ದು ಡಿಸೆಂಬರಿನಲ್ಲಿ. ವಯೋಮಿತಿಯ ಪಂದ್ಯಗಳಲ್ಲಿ ವಯಸ್ಸನ್ನು ಜನವರಿ 1ರಿಂದ ಎಣಿಸಿದರೆ, ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನವನಿಗೂ ಹೆಚ್ಚೂಕಡಿಮೆ ಒಂದು ವರ್ಷದ ಅಂತರ. ಹದಿಮೂರರ ಪ್ರಾಯದಲ್ಲಿ ಒಂದು ವರ್ಷವೆಂದರೆ ಮೈಕಟ್ಟಿನಲ್ಲಿ ಅಜಗಜಾಂತರ. ಯುರೋಪಿನ ಕಿರಿಯರ ತಂಡಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುತ್ತಾರೆ ಎಂದು ಸಂಶೋಧಕರು ಮತ್ತೆಮತ್ತೆ ಕಂಡಿದ್ದಾರೆ. ಆಯ್ಕೆ ಮಾಡುವವರು ಪ್ರತಿಭೆಯೆಂದು ತಿಳಿದು ಹುಟ್ಟಿದ ತಿಂಗಳನ್ನು ಆರಿಸುತ್ತಾರೆ! ಅಲ್ಲಿಯಾದರೆ ಬಿಟ್ಟುಹೋದವನಿಗೆ ಓಣಿಯ ಇನ್ನೊಂದು ಕ್ಲಬ್ಬಿದೆ, ಎರಡು ವರ್ಷ ಕಾಯಬಹುದು. ನಮ್ಮವನಿಗೆ ಆ ಒಂದೇ ದಿನ.

ಇನ್ನೊಂದು ಲೆಕ್ಕ. ನಮ್ಮ ಶಾಲಾ ಕ್ರೀಡಾಕೂಟಗಳು ಸೋತವರು ಮನೆಗೆ ಎಂಬ ಪದ್ಧತಿಯವು. 16 ತಂಡ ಬಂದರೆ ಎಂಟು ತಂಡ ಒಂದೇ ಪಂದ್ಯ ಆಡಿ ಬಸ್ಸು ಹತ್ತುತ್ತವೆ. ಆ ಹುಡುಗರ ಪಾಲಿಗೆ ವರ್ಷದ ಫುಟ್‌ಬಾಲ್ ಅಷ್ಟರಲ್ಲೇ ಮುಗಿಯಿತು. ಅದೇ ಎಂಟು ಊರಿನ ತಂಡಗಳು ವಾರಕ್ಕೊಂದರಂತೆ ಎಲ್ಲರ ಜೊತೆ ಎಲ್ಲರೂ ಆಡಿದರೆ ಪ್ರತಿಯೊಬ್ಬನಿಗೂ ಏಳು ಪಂದ್ಯ ಸಿಗುತ್ತದೆ.

ಐಸ್‌ಲೆಂಡ್ ಎಂಬ ದೇಶ 2016ರ ಯುರೋ ಕೂಟದಲ್ಲಿ ಇಂಗ್ಲೆಂಡನ್ನು ಸೋಲಿಸಿ 2018ರ ವಿಶ್ವಕಪ್ಪಿಗೂ ಹೋಯಿತು. ಆಗ ಅದರ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. ನಿಪ್ಪಾಣಿ ಸೇರಿದ್ದ ನಮ್ಮ ಹಳೆಯ ಚಿಕ್ಕೋಡಿ ತಾಲೂಕಿನಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದರು. ವರ್ಷದ ಬಹುಪಾಲು ಹಿಮ ಗಾಳಿಯಲ್ಲೇ ಕಳೆಯುವ ಆ ದೇಶ ಮಾಡಿದ್ದು ಮೂರೇ ಕೆಲಸ: ಮಳೆ ಚಳಿಗೆ ಅಂಜದೆ ಆಡಲು ಸೂರಿನ ಮೈದಾನಗಳು, ಶಾಲೆಗಳ ಪಕ್ಕ ಸಣ್ಣ ಅಂಕಣಗಳು, ಐದಾರು ವರ್ಷದ ಮಕ್ಕಳಿಗೂ ಕಲಿತು ಬಂದ, ಸಂಬಳ ಪಡೆಯುವ ತರಬೇತುದಾರರು. ನಮಗೆ ಸೂರೂ ಬೇಕಾಗಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ ಬಿಸಿಲು ಹಿತವಾಗಿರುತ್ತದೆ, ಮಳೆ ಇರುವುದಿಲ್ಲ.

ಇಷ್ಟನ್ನೂ ಆ ಒಂಬತ್ತನೆಯ ತರಗತಿಯ ಹುಡುಗನಿಗೆ ಹೇಳಿದೆ. ಪೂರ್ತಿ ಕೇಳಿದವನು, “ಹಂಗಾರ ನಮ್ಮ ಮೈದಾನ ಯಾವಾಗ ಖಾಲಿ ಮಾಡಸ್ತೀರಿ ಸರ್?” ಎಂದ. ಮೈದಾನದ ಒಂದು ಮೂಲೆಯಲ್ಲಿ ಯಾರದೋ ಕಟ್ಟಡದ ಜಲ್ಲಿಕಲ್ಲು ತಿಂಗಳುಗಟ್ಟಲೆಯಿಂದ ಬಿದ್ದಿತ್ತು.

ಅವನ ಪ್ರಶ್ನೆಯೇ ಸರಿಯಾದದ್ದು. ದಿಲ್ಲಿಯಲ್ಲಿ ಕಾನೂನು ಬದಲಾಗುವುದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಸುತ್ತಲಿನ ಎಂಟು ಊರುಗಳ ಪ್ರೌಢಶಾಲೆಗಳು ಸೇರಿ ರವಿವಾರದ ಪಂದ್ಯಗಳನ್ನು ನಡೆಸುವುದು ನಮ್ಮ ಕೈಯಲ್ಲಿದೆ. ಬೇಕಾದದ್ದು ಕೆಲವು ಚೆಂಡು, ಗೆರೆ ಎಳೆಯಲು ಸುಣ್ಣದ ಪುಡಿ, ಹುಡುಗರನ್ನು ಒಯ್ಯಲು ಒಂದು ಟೆಂಪೊದ ಡೀಸೆಲ್. ಜಾತ್ರೆಯ ಪಟಾಕಿಗೆ ಹೋಗುವ ಹಣದಲ್ಲಿ ಇದು ಮುಗಿಯುತ್ತದೆ. ಹುಡುಗಿಯರಿಗೂ ಒಂದು ತಂಡ ಇರಲಿ. ಹದಿನೈದು ತುಂಬುವವರೆಗೆ ಎತ್ತರ ನೋಡಿ ಯಾರನ್ನೂ ಹಿಂದಕ್ಕೆ ಕಳಿಸುವುದು ಬೇಡ. ಪಂಚಾಯತಿಯ ಹಿರಿಯರು, ಊರು ಬಿಟ್ಟು ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಬರುವ ದೀಪಾವಳಿ ಮುಗಿದ ವಾರವೇ ಶುರು ಮಾಡಬಹುದು. ಸೀಟಿ ಊದಲು ನಾನಿದ್ದೇನೆ.