ಮೋಟಾರು ಸೈಕಲ್ಲಿನ ಮೇಲೆ ತಲಕಾವೇರಿಗೆ

ಮೈಸೂರಿನಿಂದ ಮಡಿಕೇರಿಯ ಮಾರ್ಗವಾಗಿ ತಲಕಾವೇರಿಗೆ ಹೋಗುವ ದಾರಿಯು 150 ಕಿಲೋಮೀಟರಿಗೂ ಮಿಕ್ಕಿದುದು. ಬಸ್ಸಿನಲ್ಲಿ ಕುಳಿತು ಈ ದಾರಿಯನ್ನು ಕ್ರಮಿಸಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ನಾವು ನಮ್ಮ ಹಳೆಯ ಮೋಟಾರು ಸೈಕಲ್ಲನ್ನೇರಿ ಎರಡು ಸಲ ಹೊರಟೆವು. ಮೊದಲನೆಯ ಸಲ ಅರ್ಧ ದಾರಿಯಿಂದಲೇ ಹಿಂದಿರುಗಬೇಕಾಯಿತು. ಎರಡನೆಯ ಸಲ ಕಾವೇರಿಯ ಉಗಮಸ್ಥಾನವನ್ನು ಕಂಡು ಬಂದೆವು. ಈ ಎರಡು ಪ್ರಯಾಣಗಳಿಗೂ ಇದ್ದ ಅಂತರವು ಎರಡೇ ಅಂಗುಲ. ಆ ಎರಡು ಅಂಗುಲದ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ವಾಹನವು ಮೈಸೂರಿನಲ್ಲಿಯೇ ಹುಟ್ಟಿದುದು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಮೋಟಾರು ಸೈಕಲ್ಲುಗಳ ತಯಾರಿಕೆಯು ಮೊದಲಾಯಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಆ ಕಾರ್ಖಾನೆಯು ಬಾಗಿಲು ಮುಚ್ಚಿತು. ಗಾಡಿಯನ್ನು ಚಾಲೂ ಮಾಡುವ ಕಡ್ಡಿಯೇ ಮುಂದಕ್ಕೆ ಮಡಿಸಿದರೆ ಗೇರಿನ ಕಡ್ಡಿಯೂ ಆಗುವ ಅದರ ಜಾಣತನವನ್ನು ಹಳೆಯ ಮೈಸೂರಿಗರು ಇನ್ನೂ ಮರೆತಿಲ್ಲ. ನಮ್ಮ ತೀರ್ಥರೂಪರು ಕೊಂಡು ಮೂವತ್ತು ವರ್ಷ ಓಡಿಸಿದ ಈ ಗಾಡಿಯು ಅವರ ತರುವಾಯ ನಮ್ಮ ಕೈಗೆ ಬಂದಿತು. ಅವರಿಗೆ ಒಪ್ಪಿದ ಹ್ಯಾಂಡಲ್ಲು ನಮಗೂ ಒಪ್ಪಬೇಕೆಂದು ನಾವು ಎಣಿಸಿದ್ದೆವು. ಅವರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದವರು; ನಾವು ಉದ್ದಾಳು, ಅದರ ಮೇಲೆ ಐವತ್ತು ದಾಟಿದವರು. ಈ ಭೇದವು ಆಗ ನಮಗೆ ಹೊಳೆಯಲೇ ಇಲ್ಲ.

ಮೊದಲನೆಯ ಪ್ರಯಾಣದಲ್ಲಿ ನಮ್ಮ ಮನೆಯವರು ಹಿಂದೆ ಕುಳಿತಿದ್ದರು. ಹುಣಸೂರು ದಾಟುವುದರೊಳಗೆ ಮಣಿಕಟ್ಟು ನೋಯತೊಡಗಿತು. ಪಿರಿಯಾಪಟ್ಟಣದ ಹೊತ್ತಿಗೆ ಕತ್ತು ಬಿಗಿಯಿತು. ಕುಶಾಲನಗರದಲ್ಲಿ ಕಾವೇರಿಯ ಸೇತುವೆಯ ಮೇಲೆ ಬಂದಾಗ ಎಡಗೈಯ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಸ್ಪರ್ಶಜ್ಞಾನವೇ ಇರಲಿಲ್ಲ. ಕ್ಲಚ್ಚನ್ನು ಹಿಡಿದಿದ್ದೇವೆಯೋ ಬಿಟ್ಟಿದ್ದೇವೆಯೋ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ಅಂಥ ಕೈಯನ್ನು ನಂಬಿ ಘಟ್ಟ ಹತ್ತುವುದು ಉಚಿತವಲ್ಲವೆಂದು ಅಲ್ಲಿಂದಲೇ ಮರಳಿದೆವು. ಆ ದಿನ ದಾರಿಯಲ್ಲಿ ಏನು ಕಂಡಿರೆಂದು ಯಾರಾದರೂ ಕೇಳಿದ್ದರೆ, ಮುಂದಿನ ಚಕ್ರವನ್ನೂ ಅದರ ಮುಂದಿನ ಹತ್ತು ಮಾರು ರಸ್ತೆಯನ್ನೂ ಕಂಡೆವೆಂದೇ ಹೇಳಬೇಕಾಗಿದ್ದಿತು.

ವೈದ್ಯರು ಕೈಯನ್ನು ಪರೀಕ್ಷಿಸಿ, ಕಿರುಬೆರಳಿನ ಕಡೆಯಿಂದ ಅಂಗೈಗೆ ಹಾಯುವ ಅಲ್ನಾರ್ ಎಂಬ ನರದ ಮೇಲೆ ದೇಹದ ಭಾರವೆಲ್ಲ ಬೀಳುತ್ತಿದೆಯೆಂದರು. ಗಾಡಿಯನ್ನು ಮಾರಿಬಿಡುವ ಯೋಚನೆಯು ನಮಗೆ ಬಂದಿತು. ತೀರ್ಥರೂಪರ ಗಾಡಿಯನ್ನು ಕೊಡುವುದೆಂದರೆ ಮನಸ್ಸು ಒಪ್ಪದು. ಇಟ್ಟುಕೊಂಡರೆ ಕೈ ಒಪ್ಪದು. ಒಂದು ಸಂಜೆ ನಮ್ಮ ಮನೆಯವರೇ ಈ ಗಂಟನ್ನು ಬಿಡಿಸಿದರು.

“ಅಲ್ಲಾ ರೀ, ಅತ್ತೆಯವರ ಅಡಿಗೆಕಟ್ಟೆ ನನ್ನ ಸೊಂಟಕ್ಕೆ ತಗ್ಗಾಯಿತೆಂದು ಒಡೆಸಿ ಎತ್ತರಿಸಿಕೊಟ್ಟಿರಲ್ಲ! ಅದರಿಂದ ಅತ್ತೆಯವರ ಅಡಿಗೆಮನೆ ಹೋಯಿತೇ? ಹ್ಯಾಂಡಲ್ಲನ್ನೂ ಹಾಗೆಯೇ ಎತ್ತರಿಸಬಾರದೇ?”

ಈ ಮಾತಿಗೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ಮರುದಿನವೇ ಅಂಗಡಿಗೆ ಹೋಗಿ, ಹಳೆಯದಕ್ಕಿಂತ ಎರಡು ಅಂಗುಲ ಎತ್ತರವಾದ, ತುದಿಗಳು ಸವಾರನ ಕಡೆಗೆ ತುಸು ಬಾಗಿದ ಹ್ಯಾಂಡಲ್ಲನ್ನು ಕೊಂಡು ತಂದೆವು. ಇಂಥ ಕೊಳವೆಗಳು ಬಹುಮಟ್ಟಿಗೆ 22 ಮಿಲಿಮೀಟರ್ ದಪ್ಪದವು. ಆದರೂ ಹಳೆಯದನ್ನು ಅಳೆದು ನೋಡಿಯೇ ಹೊಸದನ್ನು ಕೊಳ್ಳುವುದು ಮೇಲು. ಜೋಡಿಸುವ ಕೆಲಸವನ್ನು ಮನೆಯ ಅಂಗಳದಲ್ಲಿ ನಾವೇ ಮಾಡಿದೆವು. ಗಾಡಿಯ ಮೇಲೆ ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ, ಕೈಗಳನ್ನು ಮುಂದಕ್ಕೆ ಚಾಚಿದರೆ ಅವು ತಾವಾಗಿಯೇ ಎಲ್ಲಿ ನಿಲ್ಲುವುವೋ ಅಲ್ಲಿ ಹಿಡಿಗಳಿರಬೇಕು. ಮೊಳಕೈಯು ಕೊಂಚ ಮಡಿಸಿರಬೇಕು. ಬೆರಳುಗಳನ್ನು ಕ್ಲಚ್ಚಿನ ಮೇಲೂ ಬ್ರೇಕಿನ ಮೇಲೂ ಇಟ್ಟಾಗ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ಮುಂಗೈಯೊಡನೆ ಒಂದೇ ಗೆರೆಯಲ್ಲಿರಬೇಕು. ಇದಿಷ್ಟನ್ನೂ ಸಾಧಿಸಿ, ಬೋಲ್ಟುಗಳನ್ನು ಬಿಗಿದು, ಕೃತಕೃತ್ಯರಾದೆವೆಂದು ಹಿಗ್ಗಿದೆವು. ಒಂದು ಪರೀಕ್ಷೆಯು ಮಾತ್ರ ಉಳಿದುಹೋಗಿತ್ತು. ಅದು ನಮಗೆ ಗೊತ್ತಿರಲಿಲ್ಲ.

ಕಾರ್ತಿಕಮಾಸದ ಒಂದು ಬೆಳಿಗ್ಗೆ ಪುನಃ ಹೊರಟೆವು. ಅದೇ ದಾರಿ, ಅದೇ ಗಾಡಿ. ಆದರೆ ಬೇರೊಂದು ದೇಶದಲ್ಲಿ ಸಂಚರಿಸುತ್ತಿರುವಂತೆ ತೋರಿತು. ಬೆನ್ನು ನೆಟ್ಟಗಾದುದರಿಂದ ತಲೆಯು ತಾನಾಗಿ ಮೇಲೆದ್ದಿತು. ತಲೆಯೆದ್ದುದರಿಂದ ನಾಡು ಕಂಡಿತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ನೀರು, ಅದರಾಚೆ ಹೊಲಗಳ ನಡುವೆ ತಂಬಾಕನ್ನು ಹದಗೊಳಿಸುವ ಬ್ಯಾರನ್‌ಗಳು, ಬೈಲಕುಪ್ಪೆಯ ಬಳಿ ಗಾಳಿಗೆ ಪಟಪಟಿಸುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು—ಇವುಗಳಲ್ಲಿ ಒಂದನ್ನಾದರೂ ಮೊದಲ ಸಲ ನಾವು ನೋಡಿರಲಿಲ್ಲ. ತಾಯ್ನಾಡನ್ನು ಬಿಟ್ಟು ಬಂದ ಟಿಬೆಟಿನ ಜನರಿಗಾಗಿ ಇಲ್ಲಿಯ ವಸತಿಯು ಏರ್ಪಟ್ಟುದು 1961ರಲ್ಲಿ. ನಮ್ಮ ಗಾಡಿಯ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ವರ್ಷವೇ ಅದು. ಕುಶಾಲನಗರದ ಸೇತುವೆಯ ಮೇಲೆ ಬಂದಾಗ ನಾವು ಹತ್ತು ಬೆರಳುಗಳನ್ನೂ ಒಂದೊಂದಾಗಿ ಆಡಿಸಿ ನೋಡಿದೆವು. ಹತ್ತೂ ನಮ್ಮವೇ ಆಗಿದ್ದವು.

ಸೇತುವೆ ದಾಟಿದರೆ ಕೊಡಗು. ಸ್ವಲ್ಪ ದೂರದಲ್ಲಿಯೇ ಕಾಫಿಯ ತೋಟಗಳೂ, ಸಿಲ್ವರ್ ಓಕ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳೂ ಆರಂಭವಾಗುತ್ತವೆ. ಸುಂಟಿಕೊಪ್ಪದಲ್ಲಿ ಕಾಫಿ ಕುಡಿದು ಹೊರಟಾಗ, ಮರೆತುಬಂದ ಕೊಡೆಗಾಗಿ ಗಾಡಿಯನ್ನು ಹಿಂದಿರುಗಿಸಬೇಕಾಯಿತು. ದೈವವಶಾತ್ ನಮ್ಮ ಮನೆಯವರು ಕೆಳಗಿಳಿದು ನಿಂತಿದ್ದರು. ರಸ್ತೆಯ ನಡುವೆ ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿಯಾಗಿ ಹೊರಳಿಸಿದೆವು. ಒಡನೆಯೇ, ನಾವು ಆಕ್ಸಿಲರೇಟರನ್ನು ತಿರುವದಿದ್ದರೂ, ಎಂಜಿನ್ನು ಅರಚಿಕೊಂಡು ಗಾಡಿಯು ಮುಂದಕ್ಕೆ ನೆಗೆಯಿತು. ಎದುರಿಗೆ ಬಸ್ಸು ಬರುತ್ತಿದ್ದಿತು. ಎಡಗೈಯು ಕ್ಲಚ್ಚನ್ನು ಅದುಮಿತು; ಗಾಡಿಯು ನಿಂತಿತು; ಬಸ್ಸೂ ಎರಡು ಮಾರು ದೂರದಲ್ಲಿ ನಿಂತಿತು. ಹಿಂದಿನ ಸಲ ಸ್ಪರ್ಶಜ್ಞಾನವಿಲ್ಲದೆ ಹೋಗಿದ್ದ ಕೈಯೇ ಈ ಸಲ ನಮ್ಮನ್ನು ಉಳಿಸಿತು. ಬಸ್ಸಿನ ಚಾಲಕನು ಅಂದ ಮಾತುಗಳು ನ್ಯಾಯವಾದವೇ, ಇಲ್ಲಿ ಬರೆಯತಕ್ಕವಲ್ಲ.

ಸಮೀಪದ ಗ್ಯಾರೇಜಿನ ವೃದ್ಧ ಮೇಸ್ತ್ರಿಯು ಗಾಡಿಯನ್ನು ನಿಲ್ಲಿಸಿಕೊಂಡು, ಎಂಜಿನ್ನು ಸಣ್ಣಗೆ ಓಡುತ್ತಿದ್ದಂತೆಯೇ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿದನು. ಎಡಕ್ಕೆ ಹೊರಳಿದಾಗಲೆಲ್ಲ ಸದ್ದು ಏರಿತು.

“ಹ್ಯಾಂಡಲ್ ಎತ್ತರ ಮಾಡಿದಿರಿ ಸ್ವಾಮಿ, ಸರಿ. ಕೇಬಲ್ಲು ತಾನಾಗಿ ಬೆಳೆಯುತ್ತದೆಯೇ?” ಎಂದನು.

ನಾವು ತಲೆ ತಗ್ಗಿಸಿದೆವು. ಹಿಡಿಯು ಮೇಲೇರಿದುದರಿಂದ ಹಳೆಯ ಕೇಬಲ್ಲು ಸಾಲದೆ ಬಂದು, ಪೂರ್ತಿ ಹೊರಳಿದಾಗ ಎಳೆದುಕೊಂಡು, ಕಾರ್ಬುರೇಟರನ್ನು ತಾನೇ ತೆರೆಯುತ್ತಿದ್ದಿತು. ಉದ್ದವಾದ ಕೇಬಲ್ಲು ಅಂದು ಅಲ್ಲಿ ದೊರೆಯಲಿಲ್ಲ. ಮೇಸ್ತ್ರಿಯು ಪೆಟ್ರೋಲ್ ಟ್ಯಾಂಕಿನ ಕೆಳಗೆ ಸುತ್ತಿ ಬರುತ್ತಿದ್ದ ಕೇಬಲ್ಲನ್ನು ನೇರವಾದ ದಾರಿಯಲ್ಲಿ ತಂದು, ಹ್ಯಾಂಡಲ್ಲನ್ನು ಹಿಂದಕ್ಕೆ ತುಸು ಮಲಗಿಸಿ, ಕ್ಲಚ್ಚಿನ ಮತ್ತು ಮುಂದಿನ ಬ್ರೇಕಿನ ಕೇಬಲ್ಲುಗಳಿಗೂ ಸಡಿಲವಿದೆಯೇ ಎಂದು ನೋಡಿದನು. ಆಮೇಲೆ ಎರಡೂ ಕಡೆಗೆ ಪೂರ್ತಿಯಾಗಿ ಹೊರಳಿಸಿ, ಸದ್ದು ಏರದಿರುವುದನ್ನು ನಮ್ಮ ಕಿವಿಗೇ ಕೇಳಿಸಿ ಕಳುಹಿಸಿದನು.

ಆ ರಾತ್ರಿ ಮಡಿಕೇರಿಯಲ್ಲಿ ತಂಗಿದೆವು. ಮರುದಿನ ಮುಂಜಾನೆ ಮಂಜಿನಲ್ಲಿ ಭಾಗಮಂಡಲಕ್ಕೆ ಹೋಗಿ, ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮದಲ್ಲಿ ಮಿಂದೆವು. ಅಲ್ಲಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರ್ ಏರು. ಬ್ರಹ್ಮಗಿರಿಯ ಮಗ್ಗುಲಲ್ಲಿ, ತುಲಾ ಸಂಕ್ರಮಣದಂದು ಸಹಸ್ರಾರು ಜನರು ನೆರೆಯುವ ಆ ಪುಟ್ಟ ಕುಂಡಿಕೆಯ ಮುಂದೆ ಅಂದು ಬೆರಳೆಣಿಕೆಯಷ್ಟು ಜನರಿದ್ದರು. ತೀರ್ಥವನ್ನು ಅಂಗೈಯಲ್ಲಿ ಹಿಡಿದಾಗ ಅದರ ತಣ್ಪು ಕಿರುಬೆರಳಿನ ತುದಿಯವರೆಗೂ ತಿಳಿಯಿತು. ಹಿಂದಿನ ವರ್ಷ ಬಂದಿದ್ದರೆ ಅದು ತಿಳಿಯುತ್ತಿರಲಿಲ್ಲ.

ಮೈಸೂರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಉದ್ದವಾದ ಕೇಬಲ್ಲುಗಳನ್ನು ಹಾಕಿಸಿದುದು. ವಾಚಕರಲ್ಲಿ ಯಾರಾದರೂ ಕೈನೋವಿನಿಂದ ಬೇಸತ್ತು ತಮ್ಮ ವಾಹನವನ್ನು ಮಾರಲು ಯೋಚಿಸುತ್ತಿದ್ದರೆ, ಮೊದಲು ಹ್ಯಾಂಡಲ್ಲನ್ನು ತಮ್ಮ ಮೈಗೆ ಹೊಂದಿಸಿ ನೋಡಲಿ. ಹೊಂದಿಸಿದ ಬಳಿಕ, ಊರು ಬಿಡುವ ಮೊದಲು, ಅಂಗಳದಲ್ಲಿಯೇ ಗಾಡಿಯನ್ನು ನಿಲ್ಲಿಸಿ ಎರಡೂ ಕಡೆಗೆ ಒಮ್ಮೆ ಪೂರ್ತಿಯಾಗಿ ಹೊರಳಿಸಿ ಸದ್ದನ್ನು ಆಲಿಸಲಿ. ನಾವು ಬಸ್ಸಿನೆದುರು ಕಲಿತುದನ್ನು ಅವರು ಮನೆಯಂಗಳದಲ್ಲಿ ಕಲಿತರೆ ಈ ಲೇಖನವು ಸಾರ್ಥಕವಾಯಿತು.